ಎದುರಂಗಡಿಯ ಹೆಸರು

ಹತ್ತಿ ಹಿಂಜುವ ಯಂತ್ರ ನಿಲ್ಲಿಸಿ, ಮೂಗಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರೂ ದೊಡ್ಡಪ್ಪನ ಗಂಟಲಲ್ಲಿ ಧೂಳು ಹಾಗೇ ಕೂತಿತ್ತು. ತಮ್ಮ ತೀರಿಕೊಂಡ ಮೇಲೆ ಹಾಸಿಗೆ ಅಂಗಡಿ ತಮ್ಮನ ಮಗನ ಕೈಗೆ ಬಂದಿತ್ತು. ಹೊಲಿಗೆ ಮಾತ್ರ ಈಗಲೂ ದೊಡ್ಡಪ್ಪನದೇ. ಆ ಮಗನಿಗೆ ಈಚೆಗೆ ವೆಬ್‌ಸೈಟಿನ ಹುಚ್ಚು. ಅದಕ್ಕೊಂದು ಹೆಸರು ಬೇಕು, ಚಿಕ್ಕದಿರಬೇಕು, ಕೇಳಿದವರ ಬಾಯಲ್ಲಿ ನಿಲ್ಲಬೇಕು ಎಂದು ಹೆಂಡತಿಯ ತಲೆ ತಿನ್ನುತ್ತಿದ್ದ. ಸುಖನಿದ್ದೆ ಎಂದಳು ಅವಳು. ಅದನ್ನು ಯಾರೋ ಆಗಲೇ ಹಿಡಿದಿದ್ದರು. ಹಾಸಿಗೆರಾಜ ಎಂದ ಇವನು, ಅದೂ ಹೋಗಿತ್ತು. ನಿಮ್ಮಪ್ಪ ಅಂಗಡಿಗೆ ಇಟ್ಟ ಹೆಸರೇ ಇದೆಯಲ್ಲ ಎಂದು ದೊಡ್ಡಪ್ಪ ಹೇಳಿದ್ದಕ್ಕೆ ಇಬ್ಬರೂ ಮೂಗು ಮುರಿದಿದ್ದರು.

ಒಂದು ಮಧ್ಯಾಹ್ನ ಮಗ ಮುಖ ಅರಳಿಸಿಕೊಂಡು ಬಂದ.

"ಸಿಕ್ತು ದೊಡ್ಡಪ್ಪ. ಮೆತ್ತನೆಮನೆ."

ಸೂಜಿ ಅರ್ಧಕ್ಕೇ ನಿಂತಿತು. "ಅದು ಎದುರಂಗಡಿ ಹೆಸರಲ್ವೇನೋ."

"ಬೋರ್ಡಲ್ಲಿ ಅವರದು. ಇಂಟರ್ನೆಟ್ಟಲ್ಲಿ ಖಾಲಿ ಬಿದ್ದಿತ್ತು, ತಗೊಂಡೆ. ಜನ ಅವರನ್ನ ಹುಡುಕ್ಕೊಂಡು ನಮ್ಮ ಹತ್ರ ಬರ್ತಾರೆ, ನೋಡ್ತಾ ಇರಿ."

ಹೆಂಡತಿ ಕಿಸಕ್ಕನೆ ನಕ್ಕಳು. ದೊಡ್ಡಪ್ಪನಿಗೆ ಅನ್ನದಲ್ಲಿ ಹುಳು ಕಂಡಂತಾಯಿತು.

ಎದುರಂಗಡಿ ಶುರು ಮಾಡಿದವನು ಹಾಸಿಗೆ ಹೊಲಿಯುವ ಮೇಸ್ತ್ರಿ. ಅಣ್ಣತಮ್ಮಂದಿರಿಬ್ಬರಿಗೂ ಸೂಜಿ ಹಿಡಿಯಲು ಕಲಿಸಿದವನು ಅವನೇ. ಹಳೆ ಹಾಸಿಗೆಗೆ ಹೊಸ ಬಟ್ಟೆ ಹಾಕುವಾಗ, ಮೊದಲು ಮಾಡಿದವನ ಹೆಸರಿನ ತುಂಡನ್ನು ಹುಷಾರಾಗಿ ಬಿಡಿಸಿ ಹೊಸದರ ಮೂಲೆಗೆ ಹೊಲಿಯಬೇಕು, ಅವನು ಯಾರೇ ಆಗಿರಲಿ ಎಂದು ಹೇಳಿಕೊಟ್ಟಿದ್ದ. ಮೇಸ್ತ್ರಿ ಹೋದಮೇಲೆ ಮಗಳು ಒಬ್ಬಳೇ ಅಂಗಡಿ ನಡೆಸುತ್ತಿದ್ದಳು. ಅವಳ ಹತ್ತಿರ ಉಳಿದಿದ್ದು ಆ ಹೆಸರೊಂದೇ. ಇದನ್ನೆಲ್ಲ ದೊಡ್ಡಪ್ಪ ಒಂದಲ್ಲ ಎರಡಲ್ಲ, ಎಷ್ಟೋ ಸಲ ಹೇಳಿದ. ಅವಳು ಮೊದಲೇ ತಗೊಬೇಕಿತ್ತು ಎಂದ ಮಗ, ಫೋನಿನಿಂದ ಕಣ್ಣೆತ್ತದೆ.

ವೆಬ್‌ಸೈಟು ಶುರುವಾಗಿ ಸ್ವಲ್ಪ ದಿನಕ್ಕೆ, ಕಣ್ಣು ಮಂಜಾದ ಮುದುಕಿಯೊಬ್ಬಳು ಹೊಸ ಬಟ್ಟೆ ಹಾಕಿಸಲು ಗಾಡಿಯಲ್ಲಿ ಹಳೆ ಹಾಸಿಗೆ ಹೇರಿಸಿಕೊಂಡು ಬಂದಳು. ತನ್ನ ಮದುವೆಯಲ್ಲಿ ಮೇಸ್ತ್ರಿಯ ಕೈಲಿ ಮಾಡಿಸಿದ್ದಂತೆ. ಮೊಮ್ಮಗಳು ಫೋನಿನಲ್ಲಿ ಹುಡುಕಿ ಈ ವಿಳಾಸ ಕೊಟ್ಟಳಂತೆ.

"ಇದೇ ತಾನೆ ಮೆತ್ತನೆಮನೆ? ಮೇಸ್ತ್ರಿ ಮಗಳೆಲ್ಲಿ?"

"ಇದೇ ಅಮ್ಮ, ಕೂತ್ಕೊಳ್ಳಿ. ಅವರು ಊರಲ್ಲಿಲ್ಲ," ಎಂದ ಮಗ.

ಬೀದಿಯಾಚೆ ಮೇಸ್ತ್ರಿಯ ಮಗಳು ತನ್ನ ಹೊಸ್ತಿಲು ಗುಡಿಸುತ್ತಿದ್ದಳು. ಪೊರಕೆಯ ಸದ್ದು ಇಲ್ಲಿಗೂ ಕೇಳುತ್ತಿತ್ತು.

ಮಗ ದೊಡ್ಡಪ್ಪನ ಕಿವಿಯ ಹತ್ತಿರ ಬಗ್ಗಿ, ಮೂಲೆಯ ಆ ಹೆಸರಿನ ತುಂಡು ಕಿತ್ತು ನಮ್ಮದು ಹಾಕಿ ಎಂದ. ಅವನ ಬಾಯಿಂದ ಏಲಕ್ಕಿಯ ಘಮ ಬರುತ್ತಿತ್ತು; ದೊಡ್ಡಪ್ಪ ಮುಖ ಆಚೆ ತಿರುಗಿಸಿದ. ಹಾಸಿಗೆ ಮುಟ್ಟಿ ನೋಡಿದ. ಮೇಸ್ತ್ರಿಯ ಹೊಲಿಗೆ ಒಂದೂ ಬಿಟ್ಟಿರಲಿಲ್ಲ.

ಸೂಜಿಯನ್ನು ಅಂಗಿಯ ಕೊರಳಿಗೆ ಚುಚ್ಚಿಕೊಂಡು ಹಾಸಿಗೆ ತಲೆ ಮೇಲೆ ಹೊತ್ತ.

"ಬನ್ನಿ ತಾಯಿ, ಅವಳು ಊರಲ್ಲೇ ಇದಾಳೆ."

ಮಗ ಬಾಗಿಲಿಗೆ ಅಡ್ಡ ನಿಂತ. "ದೊಡ್ಡಪ್ಪ, ನೀವು ಯಾರ ಅಂಗಡಿಯವರು?"

"ಆ ಹೆಸರು ಅವಳಿಗೆ ಕೊಟ್ಟ ದಿನ ಬಂದು ಕರಿ, ಹೇಳ್ತೀನಿ. ದಾರಿ ಬಿಡು."

ಬೀದಿ ದಾಟಿ ಹಾಸಿಗೆ ಇಳಿಸಿದಾಗ ಮೇಸ್ತ್ರಿಯ ಮಗಳು ಪೊರಕೆ ಹಿಡಿದೇ ನಿಂತಿದ್ದಳು. ಏನಾಯ್ತು ಮಾವ ಎಂದು ಕೇಳಿದಳು.

"ಹೇಳ್ತೀನಿ. ಮೊದಲು ಒಂದು ಚೊಂಬು ನೀರು ಕೊಡು ಮಗಳೇ, ಬಾಯಿ ತೊಳ್ಕೋಬೇಕು."