ಗೋಡೆಯಾಚೆಗೆ ತಿರುಗಿದ ಕ್ಯಾಮೆರಾ

ಮಾನ್ವಿಯ ಆ ಓಣಿಯಲ್ಲಿ ಕಳ್ಳತನ ಸಣ್ಣದರಿಂದಲೇ ಶುರುವಾಯಿತು. ಮೊದಲು ಒಬ್ಬರ ಬೈಕಿನ ಪೆಟ್ರೋಲು ಹೋಯಿತು. ಆಮೇಲೆ ಇನ್ನೊಬ್ಬರ ತಾಮ್ರದ ಹಂಡೆ. ಕೊನೆಗೆ ವಿರೂಪಣ್ಣನ ಮನೆಯ ಕಟ್ಟೆಯ ಮೇಲಿದ್ದ ತೊಗರಿ ಚೀಲಗಳೇ ಮಾಯವಾದವು.

ವಿರೂಪಣ್ಣ ದೇವದುರ್ಗ, ಮಸರಕಲ್ ಕಡೆಯ ರೈತರಿಂದ ಕಾಳು ಕೊಂಡು ಮಾರುವ ವ್ಯಾಪಾರಿ. ಸಿಟ್ಟಿನ ಮನುಷ್ಯ. ಮರುದಿನವೇ ರಾಯಚೂರಿಗೆ ಹೋಗಿ ಕ್ಯಾಮೆರಾ ತಂದ. ಸುಮ್ಮನೆ ಒಂದು ಕಡೆ ನೋಡುವ ಕ್ಯಾಮೆರಾ ಅಲ್ಲ, ಒಳಗೆ ಮೋಟಾರು ಇದ್ದು ಎಡಕ್ಕೆ ಬಲಕ್ಕೆ ಕತ್ತು ತಿರುಗಿಸುವ, ಏನಾದರೂ ಅಲುಗಿದರೆ ಸೈರನ್ ಕೂಗಿ ಫೋನಿಗೆ ಚಿತ್ರ ಕಳಿಸುವಂಥದ್ದು.

"ಹಾಕೋ ಹುಡುಗರನ್ನ ಕರಸೋಣೇನು?" ಎಂದು ಹೆಂಡತಿ ಮಹಾಂತಮ್ಮ ಕೇಳಿದಳು.

"ಎರಡು ಸ್ಕ್ರೂ ಬಿಗಿಯಾಕ ಯಾಕ ಬೇಕು ಹುಡುಗರು? ನಾನೇ ಹಾಕತೀನಿ."

ಹಾಕಿಯೂ ಹಾಕಿದ. ಎರಡು ಮನೆಗಳ ನಡುವಿನ ಗೋಡೆಯ ಮೇಲೆ ತಗಡಿನ ಸಣ್ಣ ಮಾಡು ಇತ್ತು. ಆ ತಗಡಿಗೇ ಕ್ಯಾಮೆರಾ ಬಿಗಿದ. ಅದರ ಜೊತೆ ಬಂದ ವೈರು ಗಿಡ್ಡವಾಯಿತು. ಹಳೆಯ ಟೇಬಲ್ ಫ್ಯಾನಿನ ವೈರು ತಂದು, ಮನೆಯೊಳಗಿನ ಪ್ಲಗ್ಗಿನಿಂದ ಗೋಡೆಯ ಮೇಲಿನವರೆಗೆ ಎಳೆದ. ನಡುವೆ ಒಂದು ಕಡೆ ಗಂಟು ಹಾಕಿ ಟೇಪು ಸುತ್ತಿದ. ಕರೆಂಟು ತಗ್ಗಿಸಿ ಕ್ಯಾಮೆರಾಕ್ಕೆ ಕೊಡುವ, ಚಾರ್ಜರಿನಂಥ ಕರಿ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಲ್ಲೇ ತೂಗುಹಾಕಿದ.

ಗೋಡೆಯಾಚೆ ಶಹಜಾದಿ ಬೇಗಂ ಮನೆ. ಗಂಡ ಅಮೀರ್ ಸಾಬ್ ಬೈಕ್ ರಿಪೇರಿ ಮಾಡುತ್ತಿದ್ದ. ಬೇಗಂ ಕೌದಿ ಹೊಲಿಯುತ್ತಿದ್ದಳು. ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಅವಳು ಹಾಕುವ ಹೊಲಿಗೆ ನೋಡಲು ಪೋತ್ನಾಳದಿಂದಲೂ ಹೆಣ್ಣುಮಕ್ಕಳು ಬರುತ್ತಿದ್ದರು. ಮಹಾಂತಮ್ಮನಿಗೆ ಆಕೆ ಬರೀ ನೆರೆಯವಳಲ್ಲ. ಮಹಾಂತಮ್ಮ ಟೈಫಾಯ್ಡ್ ಆಗಿ ಮಲಗಿದಾಗ ಗಂಜಿ ಕಾಯಿಸಿ ಕುಡಿಸಿದವಳು, ಬೆಳಗಾದರೆ ಗೋಡೆಯ ಮೇಲಿಂದ "ಏನ್ ಮಾಡಾಕತ್ತಿ ಮಾಂತವ್ವಾ?" ಎಂದು ಕೇಳದೆ ಒಲೆ ಹಚ್ಚದವಳು.

ಕ್ಯಾಮೆರಾ ಬಂದ ಮೇಲೆ ಆ ಮಾತು ನಿಂತಿತು.

ಬೆಕ್ಕು ಹಾಯ್ದರೂ ಅದು ಗರ್ರ್ ಎಂದು ತಿರುಗುತ್ತಿತ್ತು. ತಗಡಿಗೆ ಬಿಗಿದಿದ್ದರಿಂದ ಆ ಸದ್ದು ನಾಲ್ಕು ಪಟ್ಟು ಕೇಳುತ್ತಿತ್ತು. ಒಣಹಾಕಿದ ಬಟ್ಟೆ ಗಾಳಿಗೆ ಅಲುಗಿದರೆ ಸೈರನ್ ಕೂಗುತ್ತಿತ್ತು. ಮಾನ್ವಿಯಲ್ಲಿ ಕರೆಂಟು ಹೋಗಿ ಬರುವುದು ಇದ್ದೇ ಇದೆ. ಬಂದಾಗಲೆಲ್ಲ ಕ್ಯಾಮೆರಾ ತಾನೇ ಒಂದು ಸುತ್ತು ಹಾಕಿ, ಶಹಜಾದಿ ಬೇಗಂಳ ಅಂಗಳದ ಕಡೆಗೇ ಮುಖ ಮಾಡಿ ನಿಲ್ಲುತ್ತಿತ್ತು. ಅಲ್ಲೇ ಅವರ ಬಚ್ಚಲು.

ಬೇಗಂ ಒಂದು ದಿನ ಬಾಗಿಲಿಗೆ ಬಂದಳು.

"ಅಣ್ಣಾ, ಅದನ್ನ ಸ್ವಲ್ಪ ನಿಮ್ಮ ಗೇಟಿನ ಕಡಿ ತಿರಗಿಸರಿ. ಜಳಕ ಮಾಡಾಕ ಹೋಗಾಕ ಅಂಜಿಕಿ ಆಗತದ. ಸೊಸಿ ಅಂತೂ ಅಂಗಳಕ್ಕ ಬರೋದೇ ಬಿಟ್ಟಾಳ."

ವಿರೂಪಣ್ಣ ಫೋನಿನಿಂದ ತಲೆ ಎತ್ತಲಿಲ್ಲ. "ಕಳ್ಳತನ ಮಾಡದವರಿಗೆ ಕ್ಯಾಮೆರಾ ಕಂಡ್ರ ಯಾಕ ಅಂಜಿಕಿ?"

ಬೇಗಂ ಮಹಾಂತಮ್ಮನ ಮುಖ ನೋಡಿದಳು. ಮಹಾಂತಮ್ಮ ಕೈಯಲ್ಲಿದ್ದ ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಳು. ಕಲ್ಲು ಇರಲಿಲ್ಲ, ಆದರೂ ಆರಿಸಿದಳು. ಬೇಗಂ ಹೊರಟುಹೋದಳು.

ಆ ವಾರದ ಭಾನುವಾರ ವಿರೂಪಣ್ಣ, ಮಹಾಂತಮ್ಮ ಇಬ್ಬರೂ ಕಟ್ಟೆಯ ಮೇಲೆ ಕುಳಿತಿದ್ದಾಗ ಪಕ್ಕದ ಓಣಿಯ ವೇದಶ್ರೀ ಬಂದಳು. ಮಠದ ಪೂಜೆ ಮಾಡುವ ಪ್ರಹ್ಲಾದಾಚಾರ್ಯರ ಮಗಳು, ಶಕ್ತಿನಗರದ ಕರೆಂಟು ತಯಾರಿಸುವ ಸ್ಥಾವರದಲ್ಲಿ ಎಂಜಿನಿಯರ್. ಗೋಡೆಯ ಮೇಲಿನ ವೈರು ನೋಡಿದ್ದೇ ಅವಳು ನಿಂತಲ್ಲೇ ನಿಂತಳು.

"ಕಾಕಾ, ಇದನ್ನ ಯಾರು ಜೋಡಿಸಿದ್ರು?"

"ನಾನೇ. ಯಾಕ?"

"ಮನಿ ಕರೆಂಟಿನ ವೈರು ಹಿಂಗ ಬಯಲಿಗೆ ಎಳೀಬಾರದ್ರೀ. ಈ ಕರಿ ಡಬ್ಬಿ ಒಳಗ, ಪ್ಲಗ್ಗಿನ ಹತ್ರಾನೇ ಇರಬೇಕು. ಅದರಿಂದ ಮುಂದ ಕ್ಯಾಮೆರಾಕ್ಕ ಹೋಗೋ ಸಣ್ಣ ವೈರಿನಾಗ ಜೀವ ತಗೊಳ್ಳೋವಷ್ಟು ಕರೆಂಟು ಇರೋದಿಲ್ಲ. ಆದ್ರ ಈ ಗಂಟಿನಾಗ ಪೂರ್ತಿ ಅದ. ಮಳಿ ಬಂದ್ರ ಈ ಟೇಪು ನಿಲ್ಲತದೇನು? ಯಾರಿಗಾದರೂ ಶಾಕ್ ಹೊಡದ್ರ ಮೊದಲು ಮೇನ್ ಸ್ವಿಚ್ ಇಳಸಬೇಕು, ಮನಿಷ್ಯಾನ್ನ ಮುಟ್ಟಬಾರದು. ಅದಾದರೂ ಗೊತ್ತದೇನ್ರೀ?"

"ದೊಡ್ಡ ದೊಡ್ಡ ಮಷೀನ್ ನೋಡೋ ಹುಡಿಗಿ ನೀ, ಇಷ್ಟು ಸಣ್ಣದಕ್ಕ ಅಂಜತೀ!" ವಿರೂಪಣ್ಣ ನಕ್ಕ. "ಆಗಲಿ, ಸುಗ್ಗಿ ಮುಗೀಲಿ, ಮಾಡಿಸೋಣ."

"ಮತ್ತ ಇದರ ಮುಖ? ಮಂದಿ ಬಚ್ಚಲ ಕಡಿ ಅದಲ್ಲ?"

"ಅದು ತಾನೇ ತಿರಗತದ. ನಾ ಏನ್ ಮಾಡಲಿ?"

"ತಾನೇ ತಿರಗದಂಗ ಫೋನಿನಾಗೇ ಬಂದ್ ಮಾಡಬಹುದು ಕಾಕಾ. ಕೊಡ್ರಿ, ತೋರಸತೀನಿ."

ವಿರೂಪಣ್ಣ ಫೋನು ಕೊಡಲಿಲ್ಲ. ಅಷ್ಟರಲ್ಲಿ ಯಾರೋ ಕಾಳಿನ ದರ ಕೇಳಲು ಬಂದರು, ಅವನು ಎದ್ದು ಹೋದ.

ಇನ್ನೊಬ್ಬರನ್ನು ಕೇಳಿ ಪ್ರಯೋಜನವಿಲ್ಲ ಎಂದು ಶಹಜಾದಿ ಬೇಗಂ ತನ್ನ ದಾರಿ ತಾನು ನೋಡಿಕೊಂಡಳು. ಬಚ್ಚಲಿನ ಕಂಬದಿಂದ ಗೋಡೆಯ ಮೊಳೆಯವರೆಗೆ ಕಬ್ಬಿಣದ ತಂತಿ ಬಿಗಿದು, ಅದರ ಮೇಲೆ ಹಳೆಯ ಚಾದರ ಇಳಿಬಿಟ್ಟಳು. ಆ ಮೊಳೆ ವಿರೂಪಣ್ಣನ ವೈರಿನ ಗಂಟಿನ ಪಕ್ಕದಲ್ಲೇ ಇತ್ತು. ಅವಳಿಗೆ ಅದೇನು ಗೊತ್ತು? ಕಣ್ಣಿಗೆ ಮರೆಯಾದರೆ ಸಾಕಿತ್ತು.

ಒಂದು ಸಂಜೆ ಜೋರು ಗಾಳಿ, ಮಳೆ. ಚಾದರ ರಾತ್ರಿಯಿಡೀ ಬಡಿದಾಡಿತು. ತಂತಿ ಗಂಟಿಗೆ ತಿಕ್ಕಿ ತಿಕ್ಕಿ, ನೆನೆದ ಟೇಪು ಬಿಚ್ಚಿಕೊಂಡು, ಒಳಗಿನ ಬರಿ ತಾಮ್ರ ಆ ಕಬ್ಬಿಣದ ತಂತಿಗೆ ತಾಗಿತು.

ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಮಹಾಂತಮ್ಮ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಸೈರನ್ ಕೂಗಿತು.

"ಬೆಕ್ಕು ಬಂದಿರಬೇಕು," ಎಂದ ವಿರೂಪಣ್ಣ. ಫೋನು ತೆಗೆದು ಸೈರನ್ ಬಂದ್ ಮಾಡಿದ. ಅದು ಮತ್ತೆ ಕೂಗಿತು. ಮತ್ತೆ ಬಂದ್ ಮಾಡಿದ. ದಿನಾ ಮಾಡುವ ಕೆಲಸವೇ ಅದು, ಚಿತ್ರ ನೋಡಲೂ ಇಲ್ಲ.

ಮೂರನೇ ಸಲ ಸೈರನ್ ನಿಂತಾಗ ಅದರ ಕೆಳಗಿದ್ದ ಇನ್ನೊಂದು ಸದ್ದು ಮಹಾಂತಮ್ಮನಿಗೆ ಕೇಳಿಸಿತು. ಅದು ಬೆಕ್ಕಿನದಲ್ಲ. ಹಿಟ್ಟಿನ ಕೈಯಲ್ಲೇ ಓಡಿದಳು. ಗೋಡೆಯಾಚೆ ಶಹಜಾದಿ ಬೇಗಂ ಒದ್ದೆ ಚಾದರ ತೆಗೆಯಲು ತಂತಿಗೆ ಕೈ ಹಾಕಿದವಳು, ಬಿಡಿಸಿಕೊಳ್ಳಲಾಗದೆ ನಡುಗುತ್ತಿದ್ದಳು. ಮೇಲೆ ಕ್ಯಾಮೆರಾ ಗರ್ರ್ ಎಂದು ಕತ್ತು ತಿರುಗಿಸಿ ಅವಳನ್ನೇ ನೋಡುತ್ತಿತ್ತು.

ಮಹಾಂತಮ್ಮ ಅವಳನ್ನು ಎಳೆಯಲು ಗೋಡೆಯ ಮೇಲಿಂದ ಕೈ ಚಾಚಿದಳು. ಮುಟ್ಟಬಾರದು ಎಂದ ವೇದಶ್ರೀಯ ಮಾತು ನೆನಪಾಯಿತು. ತಿರುಗಿ ಓಡಿ ಬಂದು ಮೇನ್ ಸ್ವಿಚ್ ಇಳಿಸಿದಳು. ಆಚೆ ಬೇಗಂ ದೊಪ್ಪನೆ ಬಿದ್ದ ಸದ್ದು ಕೇಳಿತು.

ಜೀವ ಉಳಿಯಿತು. ರಾಯಚೂರಿನ ಆಸ್ಪತ್ರೆಯಲ್ಲಿ ಬಲಗೈಯ ಎರಡು ಬೆರಳು ತೆಗೆದರು. ಉಳಿದ ಬೆರಳುಗಳನ್ನು ಮಡಚಲು ಬರಲಿಲ್ಲ. ಸೂಜಿ ಹಿಡಿಯುವ ಕೈ ಅದು.

ವಿರೂಪಣ್ಣ ಆಸ್ಪತ್ರೆಗೆ ಹೋದ. ಅಮೀರ್ ಸಾಬ್ ಬಾಗಿಲಲ್ಲೇ ತಡೆದ.

"ಅಣ್ಣಾ, ನಿಮ್ಮ ಫೋನಿನಾಗ ಅಂದಿಂದು ಚಿತ್ರ ಅದಲ್ಲ? ನನ್ನ ಹೆಂಡತಿ ಒದ್ದಾಡಿದ್ದು ಪೂರ್ತಿ ಅದಲ್ಲ? ನೋಡ್ರಿ. ಒಮ್ಮಿ ಪೂರ್ತಿ ನೋಡ್ರಿ. ಆಮ್ಯಾಲ ಒಳಗ ಬರ್ರಿ."

ವಿರೂಪಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ನೋಡಿದ. ಒಳಗೆ ಹೋಗಲಿಲ್ಲ. ಮನೆಗೆ ಬಂದವನು ಅಂದು ಊಟ ಮಾಡಲಿಲ್ಲ. ಮರುದಿನ ತಾನೇ ವೇದಶ್ರೀಗೆ ಫೋನು ಮಾಡಿದ.

"ಯವ್ವಾ, ನೀ ಹೇಳಿದ್ದು ಹೇಳಿದಂಗ ಮಾಡಸತೀನಿ. ಬಾ."

ವೇದಶ್ರೀ ಲೈಸೆನ್ಸ್ ಇರುವ ವೈರಿಂಗ್ ಕೆಲಸದವನನ್ನು ಕರೆತಂದಳು. ಗೋಡೆಯ ಮೇಲಿನ ವೈರು ಕಿತ್ತರು. ಕ್ಯಾಮೆರಾವನ್ನು ವಿರೂಪಣ್ಣನ ಬಾಗಿಲ ಮೇಲಿನ ಗಟ್ಟಿ ಗೋಡೆಗೆ, ಅಡಿಯಲ್ಲಿ ರಬ್ಬರು ಕೊಟ್ಟು ಬಿಗಿದರು. ಗರ್ರ್ ಸದ್ದು ಅಡಗಿತು. ಕರಿ ಡಬ್ಬಿ ಮನೆಯೊಳಗೆ ಬಂತು. ಸಣ್ಣ ವೈರು ಕೊಳವೆಯೊಳಗಿಂದ ಹೊರಗೆ ಹೋಯಿತು, ಮಳೆನೀರು ಅದರ ಗುಂಟ ಒಳಗಿಳಿಯದಂತೆ ಹೊರಗೆ ಒಂದು ಬಾಗು ಬಿಟ್ಟರು. ಶಾಕ್ ಹೊಡೆದರೆ ತಾನೇ ಕರೆಂಟು ಕಡಿಯುವ ಸ್ವಿಚ್ಚನ್ನು ಮೀಟರಿನ ಹತ್ತಿರ ಕೂಡಿಸಿದರು. ಕರೆಂಟು ಹೋದರೂ ಕ್ಯಾಮೆರಾ ಆರಿ ತಿರುಗಿ ಸುತ್ತು ಹಾಕದಂತೆ ಚಿಕ್ಕ ಬ್ಯಾಟರಿ ಇಟ್ಟರು. ಆಮೇಲೆ ವೇದಶ್ರೀ ಫೋನು ಹಿಡಿದು, ಅಲುಗಿದ್ದನ್ನೆಲ್ಲ ಹಿಂಬಾಲಿಸುವುದನ್ನು ಬಂದ್ ಮಾಡಿದಳು, ಗೇಟಿನ ಜಾಗ ಮಾತ್ರ ಗುರುತು ಹಾಕಿದಳು.

"ಕಾಕಾ, ಸೈರನ್ ತೆಗದೀನಿ. ಗೇಟಿನಾಗ ಮನಿಷ್ಯಾ ಬಂದ್ರ ಅಷ್ಟೇ ಫೋನಿಗೆ ಸುದ್ದಿ ಬರತದ. ಬಂದ್ರ ನೋಡ್ರಿ. ದಿನಾ ಸುಳ್ಳು ಕೂಗೋದನ್ನ ಯಾರೂ ಕೇಳೋದಿಲ್ಲ."

ವಿರೂಪಣ್ಣ ತಲೆಯಾಡಿಸಿದ. ಇದನ್ನೆಲ್ಲ ಮೊದಲೇ ಮಾಡಲು ಅರ್ಧ ದಿನ ಸಾಕಿತ್ತು.

ಶಹಜಾದಿ ಬೇಗಂ ಮನೆಗೆ ಬಂದ ಮೇಲೆ ಮಹಾಂತಮ್ಮ ಹೋಗಿ ಕಾಲ ಬಳಿ ಕುಳಿತಳು. ಅಳು ತಡೆಯಲಾಗಲಿಲ್ಲ.

"ಅಳಬ್ಯಾಡ ಮಾಂತವ್ವಾ. ಸ್ವಿಚ್ ಇಳಸಿದಾಕಿ ನೀನೇ ಅಂತ ಹೇಳ್ಯಾರ. ನನಗ ಗೊತ್ತದ." ಬೇಗಂ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. "ನಿನ್ನ ಗಂಡನ ಮ್ಯಾಲ ನನಗ ಸಿಟ್ಟಿಲ್ಲ. ಅವ್ರು ಮೊದಲಿಂದ ಹಂಗೇ. ಆದ್ರ ನಾ ಬಾಗಿಲಿಗೆ ಬಂದು ಕೇಳಿದಾಗ ನೀ ಯಾಕ ಸುಮ್ನ ಕುಂತಿ?"

ಮಹಾಂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬೇಗಂ ಸೊಸೆಗೆ ಚಹಾ ತರಲು ಹೇಳಿದಳು, ಹೊರಗಿನಿಂದ ಬಂದವರಿಗೆ ತರಿಸುವ ಹಾಗೆ.

ಅಮೀರ್ ಸಾಬ್ ನಡುವಿನ ಗೋಡೆಯನ್ನು ಎತ್ತರಿಸಿದ. ಈಗ ಆಚೆ ಯಾರಿದ್ದಾರೆ ಎಂದು ಈಚೆಗೆ ಕಾಣುವುದಿಲ್ಲ. ವಿರೂಪಣ್ಣ ಕಾಳು ಕೊಳ್ಳಲು ಹೋದ ಊರಲ್ಲೆಲ್ಲ ಕ್ಯಾಮೆರಾ ಕಂಡರೆ ನಿಂತು ವೈರು ನೋಡುತ್ತಾನೆ, ಮನೆಯವರನ್ನು ಕರೆದು ಹೇಳುತ್ತಾನೆ. ಕೆಲವರು ಕೇಳುತ್ತಾರೆ. ಕೆಲವರು ಅವನು ಅಂದು ನಕ್ಕಂತೆಯೇ ನಗುತ್ತಾರೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ನಗಬೇಡಿ. ಮನೆಗೆ ಕ್ಯಾಮೆರಾ ಹಾಕುವುದು ತಪ್ಪಲ್ಲ. ಆದರೆ ಈ ಹಾಳೆ ಕೆಳಗಿಟ್ಟು ಈಗಲೇ ಹೊರಗೆ ಹೋಗಿ ನೋಡಿ: ಮನೆ ಕರೆಂಟಿನ ವೈರು ಬಯಲಲ್ಲಿ ಇದೆಯೇ? ಟೇಪು ಸುತ್ತಿದ ಗಂಟು ಇದೆಯೇ? ಇದ್ದರೆ ಮೊದಲು ಮೇನ್ ಸ್ವಿಚ್ ಇಳಿಸಿ, ಬಲ್ಲವರನ್ನು ಕರೆಸಿ. ಕ್ಯಾಮೆರಾದ ಕಣ್ಣು ನಿಮ್ಮ ಬಾಗಿಲನ್ನಷ್ಟೇ ನೋಡಲಿ, ಸದ್ದು ನೆರೆಯವರ ನಿದ್ದೆ ಕೆಡಿಸದಿರಲಿ. ಮತ್ತು ನೆರೆಯವರು ಬಾಗಿಲಿಗೆ ಬಂದು "ಅದನ್ನ ಸ್ವಲ್ಪ ತಿರಗಿಸರಿ" ಎಂದರೆ, ಅಂದೇ ತಿರುಗಿಸಿ. ಮನೆಯಲ್ಲಿ ಯಾರಾದರೂ ಒಲ್ಲೆ ಎಂದರೆ, ನೀವು ಸುಮ್ಮನೆ ಕೂರಬೇಡಿ.