ಕಲಾಯಿ ಹೋದ ಪಾತ್ರೆ

ಹೊಸಕೆರೆಹಳ್ಳಿಯ ಆ ಗಲ್ಲಿಯೊಳಗೆ ಆಟೋ ಹೋಗುವುದಿಲ್ಲ. ಇಂದ್ರಾಣಿ ಹಿತ್ತಾಳೆ ಪಾತ್ರೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೇ ಹೋದಳು. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು ಹೀಗೆ ಪಾತ್ರೆ ಹೊತ್ತು ಹೋಗುವುದನ್ನು ಕಂಡು ಯಾರಾದರೂ ನಕ್ಕಿದ್ದರೆ ಅವಳಿಗೆ ಒಳ್ಳೆಯದೇ ಅನಿಸುತ್ತಿತ್ತು. ಬೈಸಿಕೊಳ್ಳುವುದಕ್ಕೇ ಹೊರಟಿದ್ದಳು ತಾನೇ.

ಮೂರು ವರ್ಷದ ಹಿಂದೆ, ಜೆ.ಪಿ. ನಗರದ ಒಂದು ಸುಗಂಧ ಕಂಪನಿಯ ಲ್ಯಾಬಿಗೆ ಅವಳು ಮುಖ್ಯಸ್ಥೆ, ಬೈರಣ್ಣ ಅಲ್ಲಿ ಅಟೆಂಡರ್. ಅವಳ ಹಟ ಒಂದೇ: ಮಲ್ಲಿಗೆ ವಾಸನೆಯ ಒಂದು ಕೀಟೋನನ್ನು ಕೊಬ್ಬರಿ ವಾಸನೆಯ ಲ್ಯಾಕ್ಟೋನ್ ಮಾಡಬೇಕು, ಅದೂ ಅಪಾಯದ ಆಸಿಡ್ಡುಗಳ ಗೊಡವೆಯಿಲ್ಲದೆ, ಗಾಯ ತೊಳೆಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡಿನಿಂದಲೇ. ಕೆಲಸ ಮುಗಿದ ಮೇಲೆ ಅದು ಬರೀ ನೀರಾಗಿ ಉಳಿಯುತ್ತದೆ, ಯಾರಿಗೂ ಕೇಡಿಲ್ಲ. ಆದರೆ ಪೆರಾಕ್ಸೈಡ್ ತಾನಾಗಿ ಅಲುಗುವ ಪೈಕಿಯಲ್ಲ, ಅದನ್ನು ಎಬ್ಬಿಸಲು ಒಂದು ವೇಗವರ್ಧಕ ಬೇಕು. ಅದಕ್ಕೆಂದು ಬೈರಣ್ಣ ಒಂದು ಬಿಳಿ ಪುಡಿಯನ್ನು ಆಸಿಡ್ ನೀರಿನಲ್ಲಿ ದಿನವಿಡೀ ನೆನೆಸಿ, ತೊಳೆದು, ಕುಲುಮೆಯಲ್ಲಿ ಸುಟ್ಟು ಕೊಡುತ್ತಿದ್ದ.

ಹದಿನೆಂಟು ಸಲ ಏನೂ ಆಗಲಿಲ್ಲ. ಹತ್ತೊಂಬತ್ತನೆಯ ಸಲ ಬೈರಣ್ಣ ಫ್ಲಾಸ್ಕಿನ ಮುಚ್ಚಳ ತೆಗೆದವನೇ, “ಮೇಡಂ, ಎಳೆ ಕೊಬ್ರಿ ವಾಸ್ನೆ ಬರ್ತಿದೆ!” ಎಂದು ಕೂಗಿದ. ಯಾವಾಗಲೂ ಯಂತ್ರಕ್ಕಿಂತ ಮೊದಲು ಅವನ ಮೂಗು ಹೇಳುತ್ತಿತ್ತು. ಯಂತ್ರವೂ ಹೌದೆಂದಿತು. ಇಂದ್ರಾಣಿ ಲ್ಯಾಬಿಗೆಲ್ಲ ಮೈಸೂರು ಪಾಕ್ ಹಂಚಿದಳು.

ಆಮೇಲೆ ಐದು ಸಲ ಮಾಡಿದರೂ ಆ ವಾಸನೆಯ ಸುಳಿವಿಲ್ಲ. ಮೇಲಿನವರು ಮುಖ ಸಿಂಡರಿಸಿದರು. ಹೋಲಿಕೆಗೆಂದು ಕೊಂಡಿದ್ದ ಲ್ಯಾಕ್ಟೋನ್ ಬಾಟಲಿ ಅರ್ಧಕ್ಕೆ ಇಳಿದಿದ್ದು ಆಗ ಅವಳ ಕಣ್ಣಿಗೆ ಬಿತ್ತು. ಅದನ್ನು ಹತ್ತು ಜನ ಬಳಸುತ್ತಿದ್ದರು, ಅವಳೂ ಸೇರಿ. ಆದರೆ ಸೋತು ಕೂತವಳಿಗೆ ಒಬ್ಬ ತಪ್ಪಿತಸ್ಥ ಬೇಕಿತ್ತು.

“ನನ್ನ ಖುಷಿಪಡಿಸೋಕೆ ಅದ್ರಲ್ಲಿ ಏನ್ ಬೆರೆಸಿದ್ರಿ, ಬೈರಣ್ಣ?”

“ಏನೂ ಬೆರೆಸಿಲ್ಲ ಮೇಡಂ.”

“ಸುಳ್ಳು ಹೇಳ್ಬೇಡಿ.”

ಅಂದೇ ಅವನನ್ನು ಕೆಲಸದಿಂದ ಕಳಿಸಿದಳು. ಸುಳ್ಳುಗಾರನೆಂಬ ಹೆಸರು ಹೊತ್ತವನನ್ನು ಬೇರೆ ಯಾವ ಲ್ಯಾಬೂ ಸೇರಿಸಲಿಲ್ಲ. ಬನಶಂಕರಿಯ ಅಪಾರ್ಟ್‌ಮೆಂಟೊಂದಕ್ಕೆ ವಾಚ್‌ಮನ್ ಆದ. ಇಂದ್ರಾಣಿಯೇನೂ ಸುಖವಾಗಿ ಬೆಳೆದವಳಲ್ಲ. ಶಾಲೆಯಲ್ಲಿ ಒಳ್ಳೆಯ ಅಂಕ ಬಂದಾಗಲೆಲ್ಲ “ನೀನೇ ಬರೆದಿದ್ದಾ?” ಎಂದು ಕೇಳಿಸಿಕೊಂಡವಳು. ಆ ಮಾತು ಎಷ್ಟು ಸುಡುತ್ತದೆಂದು ಗೊತ್ತಿದ್ದವಳೇ ಹೀಗೆ ಮಾಡಿದಳಲ್ಲ, ಅದಕ್ಕೇನು ಹೇಳುವುದು!

ಕಳೆದ ತಿಂಗಳು ಲ್ಯಾಬನ್ನು ಬೇರೆ ಕಟ್ಟಡಕ್ಕೆ ಸಾಗಿಸುವಾಗ ಬೈರಣ್ಣನ ಹಳೆಯ ಕಪಾಟಿನಲ್ಲಿ ಈ ಪಾತ್ರೆ ಸಿಕ್ಕಿತು. ಒಳಗೆ ಮೇಲಿನ ನಾಲ್ಕು ಬೆರಳಷ್ಟು ಜಾಗದಲ್ಲಿ ಕಲಾಯಿ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಕೆಳಗೆ, ಗೆರೆ ಎಳೆದಂತೆ, ಕಲಾಯಿ ಹೋಗಿ ಹಿತ್ತಾಳೆ ಕಾಣುತ್ತಿತ್ತು. ತಳದಲ್ಲಿ ಅದೇ ಬಿಳಿ ಪುಡಿ ಅಂಟಿತ್ತು. ಕಲಾಯಿ ಎಂದರೆ ತವರ; ಆಸಿಡ್ ನೀರು ಅದನ್ನು ಕರಗಿಸಿ ಪುಡಿಗೆ ಸೇರಿಸಿತ್ತು. ತವರ ಪೆರಾಕ್ಸೈಡನ್ನು ಎಬ್ಬಿಸಬಲ್ಲದೆಂದು ಅವಳು ಪುಸ್ತಕದಲ್ಲಿ ಓದಿದ್ದಳು. ತಾನು ಹಾಕದ ತವರ ತನ್ನ ಪುಡಿಯೊಳಗೆ ಬಂದೀತೆಂದು ಮಾತ್ರ ಹೊಳೆದಿರಲಿಲ್ಲ. ತವರ ಸೇರಿಸಿ ಮತ್ತೆ ಮಾಡಿದಳು. ಮೊದಲ ಸಲಕ್ಕೇ ಕೊಬ್ಬರಿ ವಾಸನೆ ಬಂತು. ಸ್ಟೂಲಿನ ಮೇಲೆ ಕುಳಿತು ಅತ್ತಳು.

ಈಗ ಬಾಗಿಲು ತೆರೆದ ಬೈರಣ್ಣನ ಹೆಂಡತಿ ಮಂಗಮ್ಮ ಮೊದಲು ನೋಡಿದ್ದು ಪಾತ್ರೆಯನ್ನು. “ಅಯ್ಯೋ, ನಮ್ಮತ್ತೆ ಪಾತ್ರೆ! ಕಳೆದುಬಿಟ್ರು ಅಂತ ಎಷ್ಟು ಬೈದಿದ್ದೆ.” ಒಳಗೆಲ್ಲ ಸೀದ ಹಾಲಿನ ವಾಸನೆ. “ಏನೂ ಅಂದ್ಕೋಬೇಡಿ ಮೇಡಂ. ಇವ್ರು ಒಲೆ ಪಕ್ಕದಲ್ಲೇ ಕೂತಿದ್ರು, ಹಾಲು ಸೀದಿದ್ದು ಗೊತ್ತಾಗ್ಲಿಲ್ಲ. ಹೋದ್ವರ್ಷ ಜ್ವರ ಬಂದಾಗಿಂದ ಅವ್ರ ಮೂಗಿಗೆ ಯಾವ ವಾಸ್ನೆನೂ ಹತ್ತಲ್ಲ.”

ಹೊಸದಾಗಿ ಮಾಡಿದ ಲ್ಯಾಕ್ಟೋನಿನ ಪುಟ್ಟ ಸೀಸೆಯನ್ನು ಬ್ಯಾಗಿನಿಂದ ತೆಗೆಯುತ್ತಿದ್ದ ಇಂದ್ರಾಣಿಯ ಕೈ ಹಾಗೇ ನಿಂತಿತು.

ಬೈರಣ್ಣ ಒಳಗಿನಿಂದ ಬಂದು ಕುರ್ಚಿ ಎಳೆದು ಹಾಕಿದ. ಅವಳು ಕೂರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. “ತಪ್ಪು ನಂದು, ಬೈರಣ್ಣ. ರಿಪೋರ್ಟಲ್ಲೂ ಹಾಗೇ ಬರ್ದಿದ್ದೀನಿ. ಆದ್ರೆ ಪಾತ್ರೆ ವಿಷ್ಯ ಯಾಕೆ ಹೇಳ್ಲಿಲ್ಲ ನೀವು?”

“ಆ ಸಲ ದೊಡ್ಡ ಬೀಕರ್ ಒಡೆದೋಗಿತ್ತು ಮೇಡಂ, ಬೈತೀರಾ ಅಂತ ಮನೆಯಿಂದ ಇದನ್ನ ತಂದೆ. ಹುಳಿ ಸಾರು ಮಾಡೋ ಪಾತ್ರೆ, ಕಲಾಯಿ ಇದ್ರೆ ಹುಳಿ ಏನೂ ಮಾಡಲ್ಲ ಅಂದ್ಕೊಂಡೆ. ಕಲಾಯಿನೇ ಹೋಯ್ತು. ಇವ್ಳು ಬೈತಾಳೆ ಅಂತ ಕಪಾಟಲ್ಲಿ ಬಚ್ಚಿಟ್ಟೆ.” ಅವನು ಪಾತ್ರೆಯ ಒಳಗೆ ಬೆರಳಾಡಿಸಿದ. “ನೀವು ಏನ್ ಬೆರೆಸಿದ್ರಿ ಅಂತ ಕೇಳಿದ್ರಿ. ನಾನು ಏನೂ ಬೆರೆಸಿರ್ಲಿಲ್ಲ.”

ಬೈರಣ್ಣನ ಕಣ್ಣು ಅವಳ ಕೈಯಲ್ಲಿದ್ದ ಸೀಸೆಯ ಮೇಲೆ ಬಿತ್ತು.

“ಅದೇನಾ ಮೇಡಂ? ಕೊಡಿ, ನೋಡೋಣ.”

ಕೊಡದೆ ಹೇಗಿರುವುದು? ಕೊಟ್ಟಳು. ಅವನು ಮುಚ್ಚಳ ತೆಗೆದು, ಮೊದಲು ಮಾಡುತ್ತಿದ್ದಂತೆಯೇ ಕೈಯಿಂದ ಮೆಲ್ಲಗೆ ಗಾಳಿ ಬೀಸಿಕೊಂಡು, ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಇನ್ನೊಮ್ಮೆ ಎಳೆದುಕೊಂಡ. ಆಮೇಲೆ ಅವಳ ಮುಖ ನೋಡಿದ.

“ಅದೇ ಮೇಡಂ, ಎಳೆ ಕೊಬ್ರಿ. ಸಖತ್ತಾಗಿ ಬಂದಿದೆ.”

ಮಂಗಮ್ಮ ಅತ್ತ ತಿರುಗಿ ಸೀದ ಹಾಲಿನ ಪಾತ್ರೆ ಉಜ್ಜತೊಡಗಿದಳು.

ತನ್ನನ್ನು ಖುಷಿಪಡಿಸಲು ಸುಳ್ಳು ಹೇಳಿದನೆಂದು ಇಂದ್ರಾಣಿ ಅವನನ್ನು ಹೊರಗಟ್ಟಿದ್ದಳು. ಆ ಸುಳ್ಳನ್ನು ಅವನು ಹೇಳಿದ್ದು ಇವತ್ತು.

“ಹೌದು ಬೈರಣ್ಣ, ಅದೇ,” ಎಂದಳು. ಅವನ ಕೈಯಿಂದ ಸೀಸೆ ತೆಗೆದುಕೊಂಡು ಮುಚ್ಚಳ ಹಾಕಿದಳು.