ಕೆರೆ ದಡದ ತಾರೀಕು

ಸಣ್ಣ ಕಾರಣಕ್ಕೆ ದೊಡ್ಡ ದೊಡ್ಡ ರಾಜ್ಯಗಳೇ ಉರುಳಿವೆ ಎನ್ನುತ್ತಾರೆ. ಆದ್ದರಿಂದ ಈ ವಿಷಯವನ್ನೂ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು: ಒಂದು ಮನೆಯ ಹಿತ್ತಿಲಿನ ಹನ್ನೊಂದು ಟೊಮ್ಯಾಟೊ ಗಿಡಗಳ ಕಾಯನ್ನು ಈ ವಾರವೇ ಕೀಳುವುದೋ, ನವೆಂಬರ್ ಇಪ್ಪತ್ತೈದರವರೆಗೆ ಬಿಡುವುದೋ? ಇದೊಂದು ಪ್ರಶ್ನೆಯಿಂದಾಗಿ ಆ ಮನೆಯ ಅಪ್ಪ, ಮಗಳು ಎರಡು ದಿನದಿಂದ "ಉಪ್ಪು ಕೊಡು", "ಬಾಗಿಲು ಹಾಕು" ಎಂಬುದರ ಆಚೆಗೆ ಮಾತಾಡಿರಲಿಲ್ಲ.

ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮೂವತ್ತು ವರ್ಷ ದೊಡ್ಡ ಕೆರೆಯ ದಡದಲ್ಲೇ ಅಂಗಡಿ, ದಡದಲ್ಲೇ ಮನೆ. ಕೆರೆ ಎಂದರೆ ಎಮ್ಮೆ ಮೈ ತೊಳೆಯುವ ಕೆರೆಯಲ್ಲ. ಆಚೆ ದಡ ಕಾಣಬೇಕಾದರೆ ಒಳ್ಳೆ ಕಣ್ಣೂ ಬೇಕು, ಒಳ್ಳೆ ದಿನವೂ ಬೇಕು. ಹೆಂಡತಿ ತೀರಿಕೊಂಡ ಮೇಲೆ, ಈ ವರ್ಷ, ಅಲ್ಲಿಂದ ಹದಿನೈದು ಕಿಲೋಮೀಟರ್ ಮೇಲೆ ದಿಬ್ಬದ ಊರಿನಲ್ಲಿ ಟೈಲರಿಂಗ್ ಮಾಡುವ ಮಗಳ ಮನೆಗೆ ಬಂದರು. ಬರುವಾಗ ಹೆಂಡತಿ ಪ್ರತಿ ವರ್ಷ ಎತ್ತಿಡುತ್ತಿದ್ದ ಟೊಮ್ಯಾಟೊ ಬೀಜ ತಂದಿದ್ದರು. ಉದ್ದ ಕಾಯಿ, ಚೂಪು ತುದಿ, ಪೇಟೆಯಲ್ಲಿ ಎಲ್ಲೂ ಸಿಗದ ತಳಿ. ಬಂದ ಹುಮ್ಮಸ್ಸಿನಲ್ಲಿ ಒಂದು ಬೀಜವನ್ನೂ ಉಳಿಸದೆ ಎಲ್ಲ ಬಿತ್ತಿಬಿಟ್ಟರು. ಬಹುಪಾಲು ಮೊಳೆಯಲಿಲ್ಲ. ಉಳಿದದ್ದು ಹನ್ನೊಂದು ಗಿಡ. ಇವು ಹೋದರೆ ತಳಿಯೇ ಹೋಯಿತು. ಅದು ಅಪ್ಪನಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಜಗಳ ಇದ್ದದ್ದು ಉಳಿಸುವ ದಾರಿಯ ಬಗ್ಗೆ.

ಬೀಜಕ್ಕೆ ಬಿಟ್ಟ ಕಾಯನ್ನು ನವೆಂಬರ್ ಇಪ್ಪತ್ತೈದಕ್ಕೆ ಮುಂಚೆ ಮುಟ್ಟಬಾರದು ಎಂಬುದು ಹೆಂಡತಿಯ ಲೆಕ್ಕ. ದಡದ ಮನೆಯಲ್ಲಿ ಆ ಲೆಕ್ಕ ಒಂದು ವರ್ಷವೂ ತಪ್ಪಿರಲಿಲ್ಲ. ದಿಬ್ಬದ ಮೇಲೆ ಅಷ್ಟರೊಳಗೆ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟುಹೋಗುತ್ತದೆ ಎಂದು ಮಗಳು ಹೇಳಿದಳು. ಅಪ್ಪ ನಕ್ಕರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಪೈಕಿ ಅವರು. ಅವರ ಮೊಲಕ್ಕೆ ತಾರೀಕು ಬೇರೆ ಇತ್ತು.

ನವೆಂಬರ್ ಆರನೇ ತಾರೀಕು ಮಧ್ಯಾಹ್ನ ಗುಂಡಿ, ದಾರದ ಪಾರ್ಸೆಲ್ ಹಿಡಿದು ಅಂಚೆಯಕ್ಕ ಬಂದಳು. ದಡದ ಅಂಚೆ ಕಚೇರಿಯಿಂದ ದಿನಾ ಸ್ಕೂಟರಿನಲ್ಲಿ ಮೇಲೆ ಬಂದು ಇಳಿಯುವವಳು; ಕಚೇರಿಯ ಅಂಗಳದಲ್ಲಿ ಮಳೆ, ಚಳಿ ಅಳೆದು ಬರೆದಿಡುವ ಕೆಲಸವೂ ಹನ್ನೊಂದು ವರ್ಷದಿಂದ ಅವಳದೇ. ಮಗಳು ಹೊಲಿಗೆ ಮೆಷಿನ್ ನಿಲ್ಲಿಸಿ, ಇಲ್ಲಿ ಚಳಿ ಬೇಗ ಅಂತ ನೀವಾದರೂ ಹೇಳಿ ಅಕ್ಕಾ ಎಂದಳು.

ದಿನಾ ದಾರಿಯಲ್ಲೇ ತನಗೆ ಇದು ತಿಳಿಯುತ್ತದೆ ಎಂದಳು ಅಂಚೆಯಕ್ಕ. ಈ ತಿಂಗಳಲ್ಲಿ ಕೆಳಗೆ ಬರಿಗೈಲಿ ಸ್ಕೂಟರ್ ಓಡಿಸಬಹುದು. ಎಂಟನೇ ಮೈಲಿಗಲ್ಲು ದಾಟಿದರೆ ಕೈಗವಸು ಬೇಕು.

"ಒಂದೇ ಸೂರ್ಯ, ಒಂದೇ ಆಕಾಶ," ಎಂದರು ಅಪ್ಪ. "ಅಲ್ಲಿ ಏಳು ಗಂಟೆ ಆದಾಗ ಇಲ್ಲೇನು ಒಂಬತ್ತು ಹೊಡೆಯುತ್ತಾ?"

"ಒಲೆ ಮೇಲೆ ಖಾಲಿ ಬಾಣಲೆ ಇಡಿ ಮಾವ, ಪಕ್ಕದಲ್ಲಿ ತುಂಬಿದ ನೀರಿನ ಪಾತ್ರೆ ಇಡಿ. ಯಾವುದು ಬೇಗ ಕಾಯುತ್ತೆ?"

"ಬಾಣಲೆ."

"ಒಲೆ ಆರಿಸಿದ ಮೇಲೆ ಬೇಗ ತಣ್ಣಗಾಗೋದು?"

"ಅದೂ ಬಾಣಲೆನೇ."

"ನಿಮ್ಮ ಮಗಳ ಹಿತ್ತಿಲು ಬಾಣಲೆ. ನೀವು ಬಾಳಿದ್ದು ಪಾತ್ರೆ ಪಕ್ಕ."

ಬೇಸಿಗೆಯೆಲ್ಲ ಕುಡಿದ ಬಿಸಿಯನ್ನು ಕೆರೆ ಚಳಿಗಾಲದ ಬಾಗಿಲಿಗೆ ಬಂದಾಗ ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಆ ಬೆಚ್ಚನೆ ಗಾಳಿ ತಾಗುವಷ್ಟು ದೂರ ಇಬ್ಬನಿ ಹೆಪ್ಪುಗಟ್ಟುವುದು ಎರಡು ಮೂರು ವಾರ ತಡ ಎಂದು ಅವಳು ವಿವರಿಸಿದಳು. ಚಳಿ ಮುಗಿಯುವಾಗ ಇದೇ ಕಥೆ ತಿರುಗಿ ನಡೆಯುತ್ತದೆ. ಕೆರೆ ಇನ್ನೂ ತಣ್ಣಗಿರುವುದರಿಂದ ದಡದ ಹಣ್ಣಿನ ಮರಗಳು ತಡವಾಗಿ ಹೂ ಬಿಟ್ಟು ಬಚಾವಾಗುತ್ತವೆ. ದಿಬ್ಬದವು ಎರಡು ದಿನದ ಬಿಸಿಲಿಗೆ ಮರುಳಾಗಿ ಅರಳಿ, ಮೂರನೇ ದಿನದ ಚಳಿಗೆ ಉದುರುತ್ತವೆ. ದಡದ ಮನೆಯ ಪ್ಲಮ್ ಮರವನ್ನು ಮೂವತ್ತು ವರ್ಷ ಸೋಮಾರಿ ಎಂದು ಬೈದದ್ದು ಅಪ್ಪನಿಗೆ ನೆನಪಾಯಿತು. ಆದರೂ ಅಂಚೆಯಕ್ಕನ ಥರ್ಮಾಮೀಟರೇ ಸರಿಯಿಲ್ಲದಿರಬಹುದು ಎಂದರು.

ಅವಳಿಗೆ ಕೋಪ ಬರಲಿಲ್ಲ. ಬ್ಯಾಗಿನಿಂದ ಬಿಡಿ ಥರ್ಮಾಮೀಟರ್ ತೆಗೆದು ಮೇಜಿನ ಮೇಲಿಟ್ಟಳು. ಅಪ್ಪ ಹಳೆ ಅಂಗಡಿಯಿಂದ ತಂದಿದ್ದ ತಮ್ಮ ಥರ್ಮಾಮೀಟರನ್ನು ಅದರ ಪಕ್ಕ ಇಟ್ಟು, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಒಂದು ಗಂಟೆ ಎರಡನ್ನೂ ನೋಡುತ್ತ ಕೂತರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವಳು ಒಂದನ್ನು ಕೆಳಗೆ ಒಯ್ಯಬೇಕು, ಇವರು ಒಂದನ್ನು ಹಿತ್ತಿಲಲ್ಲಿ ನೇತುಹಾಕಬೇಕು, ಬೆಳಿಗ್ಗೆ ಸರಿಯಾಗಿ ಆರಕ್ಕೆ ಇಬ್ಬರೂ ನೋಡಬೇಕು ಎಂದು ತೀರ್ಮಾನವಾಯಿತು. ಸರಿಯಾಗಿ ಆರು ಎಂದರೆ ಯಾವ ಗಡಿಯಾರದ ಆರು ಎಂದೂ ಅಪ್ಪ ಗೊತ್ತುಮಾಡಿದರು.

ಬೆಳಿಗ್ಗೆ ಫೋನ್ ಬಂತು.

"ನಿಂದೆಷ್ಟಮ್ಮ?"

"ಏಳು. ನಿಮ್ಮದು, ಮಾವ?"

ಅಪ್ಪ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿ ಬಂದರು. "ಒಂದು," ಎಂದರು.

ಮಗಳು ರೇಡಿಯೊ ಹಾಕಿದಳು. ಇಂದು ರಾತ್ರಿ ಚಳಿ ಐದು ಡಿಗ್ರಿಗೆ ಇಳಿಯಲಿದೆ ಎಂದಿತು ಅದು. ಐದಾದರೆ ಭಯವಿಲ್ಲವಲ್ಲ ಎಂದು ಅಪ್ಪ ಬಾಯಿ ತೆರೆದವರು, ರೇಡಿಯೊ ಹೇಳುವುದು ಯಾವ ಊರಿನ ಚಳಿ ಎಂದು ಫೋನಿನಲ್ಲೇ ಕೇಳಿದರು. ದಡದ್ದು ಎಂದಳು ಅಂಚೆಯಕ್ಕ. ಐದರಲ್ಲಿ ಆರು ಕಳೆಯಲು ಅವರಿಗೆ ಭೂತಗಾಜು ಬೇಕಾಗಲಿಲ್ಲ.

"ಎಳೆ ಕಾಯಿ ಕಿತ್ತರೆ ಬೀಜ ಬರುತ್ತಾ?" ಇದನ್ನು ಕೇಳುವಾಗ ಅವರ ದನಿ ತಗ್ಗಿತ್ತು.

"ಎಳೆಯದು ಬೇಡ, ಬಲಿತದ್ದು ಕೀಳಿ. ಹಸಿರಿದ್ದರೂ ಮನೆಯೊಳಗೆ ಬೆಚ್ಚಗೆ ಇಟ್ಟರೆ ಹಣ್ಣಾಗುತ್ತೆ, ಬೀಜವೂ ಬಲಿಯುತ್ತೆ. ಚಳಿ ಹೊಡೆದದ್ದು ಕೊಳೆಯುತ್ತೆ ಅಷ್ಟೇ. ಅತ್ತೆ ಇದ್ದಿದ್ದರೂ ಇವತ್ತೇ ಕೀಳ್ತಿದ್ರು, ಮಾವ. ಅವರು ಕ್ಯಾಲೆಂಡರ್ ನೋಡಿ ತಾರೀಕು ಇಟ್ಟವರಲ್ಲ, ಗಿಡ ನೋಡಿ ಇಟ್ಟವರು."

ಆ ದಿನ ಸಂಜೆಯೊಳಗೆ ಅಪ್ಪ, ಮಗಳು ಸೇರಿ ಬಲಿತ ಕಾಯೆಲ್ಲ ಕಿತ್ತರು. ಟೈಲರಿಂಗ್ ಮೇಜಿನ ಮೇಲೆ ಹಳೆ ಲೈನಿಂಗ್ ಬಟ್ಟೆ ಹಾಸಿ, ಒಂದಕ್ಕೊಂದು ತಾಗದಂತೆ ಹರಡಿದರು. ಎರಡು ದಿನದ ಮೌನಕ್ಕೂ ಸೇರಿಸಿ ಮಾತಾಡಿದರು. ಎರಡು ಬ್ಲೌಸು ಕೊಡುವುದು ತಡವಾಗುತ್ತದೆ ಎಂದು ಮಗಳು ಗೊಣಗಿದಳು. ತಡವಾಗಲಿ ಎಂದರು, ಜೀವಮಾನದಲ್ಲಿ ಮೊದಲ ಸಲ, ಗಡಿಯಾರದವರು. ಮರುದಿನ ಬೆಳಿಗ್ಗೆ ಹಿತ್ತಿಲು ಸುಣ್ಣ ಬಳಿದಂತಿತ್ತು. ಹನ್ನೊಂದು ಗಿಡವೂ ಬಿಸಿಲು ಏರುವಷ್ಟರಲ್ಲಿ ಕಪ್ಪಾಗಿ ಜೋತುಬಿದ್ದವು. ಅಪ್ಪ ಅವನ್ನು ನೋಡಿ, ಒಳಗೆ ಬಂದು ಮೇಜು ನೋಡಿ, ಎರಡು ಲೋಟ ಚಹಾ ಕುಡಿದರು.

ನಿಮ್ಮ ಊರಿನ ಹತ್ತಿರ ದೊಡ್ಡ ನೀರು ಇದೆಯೇ? ಹಾಗಾದರೆ ನಿಮ್ಮ ಹೊಲ ಅದರಿಂದ ಎಷ್ಟು ದೂರ, ಎಷ್ಟು ಎತ್ತರ, ಗಾಳಿ ಅದರ ಮೇಲಿಂದ ಬರುತ್ತದೆಯೋ ಇಲ್ಲವೋ ಎಂದು ಮೊದಲು ತಿಳಿದುಕೊಳ್ಳಿ. ದಡದ ನೆಂಟರ ತಾರೀಕಿಗೆ ದಿಬ್ಬದಲ್ಲಿ ಬಿತ್ತಬೇಡಿ, ಕೊಯ್ಯಬೇಡಿ. ಒಂದು ಥರ್ಮಾಮೀಟರ್ ತೂಗುಹಾಕಿ, ಬೆಳಿಗ್ಗೆ ನೋಡಿ ಬರೆದಿಡಿ; ರೇಡಿಯೊ ಹೇಳಿದ್ದಕ್ಕೂ ನಿಮ್ಮ ಹಿತ್ತಿಲಿಗೂ ಎಷ್ಟು ವ್ಯತ್ಯಾಸ ಎಂದು ಒಂದೇ ತಿಂಗಳಲ್ಲಿ ಗೊತ್ತಾಗುತ್ತದೆ. ಮತ್ತೆ, ಇರುವ ಬೀಜವನ್ನೆಲ್ಲ ಒಂದೇ ವರ್ಷ ಬಿತ್ತಬೇಡಿ.

ಇಪ್ಪತ್ತೈದರೊಳಗೆ ಮೇಜಿನ ಮೇಲಿನ ಕಾಯೆಲ್ಲ ಹಣ್ಣಾದವು. ಬೀಜ ಉಳಿಯಿತು.